ಮರ ಕಡಿದು ದಣಿವಾರಿಸಿಕೊಳ್ಳುವವರು

(ವಿಡಿಯೊ ಗೇಮ್‌ಗಳ ಬಗ್ಗೆ ನಡೆದ ಒಂದು ಸಂಜೆಯ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಮಾತು ಅಡ್ಡದಾರಿ ಹಿಡಿದ ಕಡೆಗಳನ್ನೂ ಬಹುಪಾಲು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಎರಡು ಅಭಿಪ್ರಾಯ ಹೇಳಿಬಿಡುತ್ತೇನೆ. ಎರಡೂ ಒಂದೇ ಆಟದ ಬಗ್ಗೆ, ಎರಡೂ ನಮ್ಮ ಮನೆಯಲ್ಲೇ ಹುಟ್ಟಿದವು. ಒಂದು: "ಇಡೀ ದಿನ ಮರ ಕಡಿಸ್ತಾರಲ್ಲ, ಇದರಲ್ಲೇನು ಆಟ?" ಇನ್ನೊಂದು: "ಇಡೀ ದಿನ ಮರ ಕಡೀತಾ ಇರಬಹುದು, ಯಾರೂ ಏನೂ ಕೇಳಲ್ಲ!" ಮೊದಲನೆಯದು ನನ್ನದು. ಎರಡನೆಯದು ನನ್ನ ತಂಗಿಯದು. ಆಟ, ಮರ, ಕೊಡಲಿ ಎಲ್ಲ ಒಂದೇ. ದೂರೂ ಹೊಗಳಿಕೆಯೂ ಒಂದೇ ಸಂಗತಿಯ ಬಗ್ಗೆ. ಹೀಗೇಕೆ ಆಗುತ್ತದೆ ಎಂದು ಯೋಚಿಸುತ್ತಾ ಹೋದದ್ದರ ಫಲವೇ ಇವತ್ತಿನ ಮಾತು.

ಆ ಆಟದ ಹೆಸರು ಫ್ಯಾಂಟಸಿ ಲೈಫ್ ಐ: ದಿ ಗರ್ಲ್ ಹೂ ಸ್ಟೀಲ್ಸ್ ಟೈಮ್. ಜಪಾನಿನ ಲೆವೆಲ್‌-5 ಸಂಸ್ಥೆಯದು, 2025ರ ಮೇ 21ರಂದು ಬಿಡುಗಡೆಯಾಯಿತು. ಇದರ ಮೊದಲ ಆಟ ಜಪಾನಿನಲ್ಲಿ ನಿಂಟೆಂಡೊ 3ಡಿಎಸ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಬಂದದ್ದು 2012ರ ಡಿಸೆಂಬರ್ ಕೊನೆಯಲ್ಲಿ. ಉಳಿದ ದೇಶಗಳಿಗೆ ತಲುಪಿದ್ದು 2014ರಲ್ಲಿ. ಅಂದರೆ ಹಳೆಯ ಆಟಗಾರರು ಹತ್ತು ವರ್ಷಕ್ಕೂ ಹೆಚ್ಚು ಕಾದಿದ್ದಾರೆ. ಹೊಸದನ್ನು ಘೋಷಿಸಿದ ಮೇಲೂ ಕಾಯಿಸಿದರು. 2023ರಲ್ಲಿ ಬರುತ್ತದೆ ಎಂದರು, 2024 ಎಂದರು, ಆ ವರ್ಷದ ಅಕ್ಟೋಬರ್ 10 ಎಂದು ದಿನಾಂಕವನ್ನೇ ಹೇಳಿದರು, ಆಮೇಲೆ 2025ರ ಏಪ್ರಿಲ್, ಕೊನೆಗೆ ಮೇ. ನಡುವೆ ನಿರ್ಮಾಪಕ ಕೇಜಿ ಇನಾಫುನೆ ಸಂಸ್ಥೆ ಬಿಟ್ಟರು, ಲೆವೆಲ್‌-5ರ ಮುಖ್ಯಸ್ಥ ಅಕಿಹಿರೊ ಹಿನೊ ತಾವೇ ಹೊಣೆ ಹೊತ್ತರು. ಇಷ್ಟು ಮುಗ್ಗರಿಸಿದ ಆಟ ಬರುವ ಹೊತ್ತಿಗೆ ಎಷ್ಟೋ ಜನ ಕೈತೊಳೆದುಕೊಂಡಿದ್ದರು. ಬಂದ ಮೇಲೆ ಕೆಲವೇ ವಾರಗಳಲ್ಲಿ ಹತ್ತು ಲಕ್ಷ ಪ್ರತಿ ಮಾರಾಟವಾಯಿತು.

ಈಗ ಆಟದ ಒಳಗೆ ಏನಿದೆ ನೋಡೋಣ. ಇಲ್ಲಿ ನೀವು ಹಿಡಿಯಬಹುದಾದ ಕಸುಬುಗಳು ಒಟ್ಟು 14. ಹಳೆಯದರಲ್ಲಿ 12 ಇದ್ದವು, ಈಗ ರೈತ ಮತ್ತು ಕಲಾವಿದ ಸೇರಿದ್ದಾರೆ. ಕಾದಾಡುವವರು ನಾಲ್ಕು ಬಗೆ. ಗಣಿ ಅಗೆಯುವವರು, ಮರ ಕಡಿಯುವವರು, ಗಾಳ ಹಾಕುವವರು, ರೈತರು ಎಂದು ಕೂಡಿಹಾಕುವವರು ನಾಲ್ಕು ಬಗೆ. ಅಡುಗೆಯವರು, ಕಮ್ಮಾರರು, ಬಡಗಿಗಳು, ದರ್ಜಿಗಳು, ರಸವಾದಿಗಳು, ಕಲಾವಿದರು ಎಂದು ತಯಾರಿಸುವವರು ಆರು. ಈ ಒಂದೊಂದು ಕಸುಬನ್ನೂ ಆಟ ಕರೆಯುವುದು 'ಲೈಫ್' ಎಂದು. ಇಂಗ್ಲಿಷಿನಲ್ಲಿ ಈ ಪದ ಇಲ್ಲಿ ಸ್ವಲ್ಪ ಮೈ ಬಗ್ಗಿಸಿಯೇ ಕೂರಬೇಕು. ನಮಗೆ ಆ ಕಷ್ಟವಿಲ್ಲ. "ಮನೆಯಲ್ಲಿ ಬದುಕು ಬಿದ್ದಿದೆ, ಬರ್ತೀನಿ" ಎಂದು ಎದ್ದು ಹೋಗುವ ಹೆಂಗಸು ಹೇಳುವ 'ಬದುಕು' ಇದೆಯಲ್ಲ, ಅಲ್ಲಿ ಕೆಲಸ ಮತ್ತು ಜೀವನ ಎರಡೂ ಒಂದೇ ಪದದೊಳಗೆ ಕೂತಿವೆ. ಆದ್ದರಿಂದ ನಾನೂ ಇವುಗಳನ್ನು ಬದುಕು ಎಂದೇ ಕರೆಯುತ್ತೇನೆ. ಈ ಆಟದ ಬಗ್ಗೆ ಆಟಗಾರರಲ್ಲಿರುವ ಜಗಳವೆಲ್ಲ ಆ ಪದದೊಳಗೇ ಇದೆ. ಬದುಕು ಎಂದಾಗ ಒಬ್ಬರಿಗೆ ಜೀವನ ಕೇಳಿಸುತ್ತದೆ, ಇನ್ನೊಬ್ಬರಿಗೆ ಬರೀ ಕೆಲಸ.

ಮರ ಕಡಿಯುವುದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮರದ ಮುಂದೆ ನಿಂತರೆ ಅದಕ್ಕೆ ಶತ್ರುವಿಗೆ ಇರುವಂಥದ್ದೇ ಒಂದು ಜೀವದ ಪಟ್ಟಿ ಕಾಣುತ್ತದೆ. ನಿಂತಲ್ಲೇ ಕೊಡಲಿ ಬೀಸಿದರೆ ಅದು ಸಣ್ಣಗೆ ಸವೆಯುತ್ತದೆ. ಮರಕ್ಕೆ ಒಂದು ಸುತ್ತು ಹಾಕಿ ಎಲ್ಲಿ ಪೆಟ್ಟು ಸರಿಯಾಗಿ ಬೀಳುತ್ತದೆ ಎಂದು ಹುಡುಕಬೇಕು. ಆ ಜಾಗ ಸಿಕ್ಕಿತೋ, ಪೆಟ್ಟಿನ ಬಲ ಏರುತ್ತದೆ. ಅಷ್ಟೇ. ಮೊದಲ ಹತ್ತು ಮರಕ್ಕೆ ಇದು ಹೊಸತು. ನೂರನೇ ಮರಕ್ಕೆ ಕೈ ತಾನಾಗಿ ಹೋಗುತ್ತದೆ. ನನಗೆ ಬೇಸರ ಶುರುವಾಗುವುದು ಕೈ ತಾನಾಗಿ ಹೋಗುವಲ್ಲಿ. ನನ್ನ ತಂಗಿಗೆ ಸುಖ ಶುರುವಾಗುವುದೂ ಅಲ್ಲೇ. ಹೂ ಕಟ್ಟುವವರನ್ನು, ಹೆಣಿಗೆ ಹಾಕುವವರನ್ನು ನೋಡಿದ್ದೀರಲ್ಲ, ಕೈ ಕೆಲಸ ಮಾಡುತ್ತಿರುತ್ತದೆ, ಮನಸ್ಸು ಎಲ್ಲೋ ಹಾಯಾಗಿ ತೇಲುತ್ತಿರುತ್ತದೆ. ಅವಳು ಆಡುವುದು ಹಾಗೆ.

ಇದರ ಜೊತೆಗೆ ಒಂದು ಬದುಕಿನ ಕಾಲಿಗೆ ಇನ್ನೊಂದು ಬದುಕು ಗಂಟುಬಿದ್ದಿದೆ. ಒಳ್ಳೆಯ ಕೊಡಲಿ ಬೇಕೆಂದರೆ ಕಮ್ಮಾರನಾಗಬೇಕು. ಕಮ್ಮಾರನಿಗೆ ಅದಿರು ಬೇಕು, ಅದಕ್ಕೆ ಗಣಿಗಿಳಿಯಬೇಕು. ಗಣಿಯಲ್ಲಿ ಮೃಗವಿದೆ, ಅದಕ್ಕೆ ಕತ್ತಿ ಹಿಡಿಯಬೇಕು. ಮೈಮೇಲೆ ಗಟ್ಟಿ ಉಡುಪು ಬೇಕು, ಅದಕ್ಕೆ ದರ್ಜಿಯಾಗಬೇಕು. ಹಳೆಯ ಆಟದಲ್ಲಿ ಬದುಕು ಬದಲಿಸಲು ಸಂಘದ ಕಚೇರಿಗೆ ಹೋಗಿ ಬರಬೇಕಿತ್ತು. ಹೊಸದರಲ್ಲಿ ಒಮ್ಮೆ ಪರವಾನಗಿ ಪಡೆದರೆ ಸಾಕು, ಮರದ ಹತ್ತಿರ ಹೋದೊಡನೆ ಕೈಗೆ ಕೊಡಲಿ ಬರುತ್ತದೆ, ಬಂಡೆಯ ಹತ್ತಿರ ಗುದ್ದಲಿ. ಇಡೀ ಆಟದಲ್ಲಿ ಆಟಗಾರರು ಒಕ್ಕೊರಲಿನಿಂದ ಮೆಚ್ಚಿದ ಒಂದು ಸಂಗತಿ ಇದ್ದರೆ ಇದೇ ಇರಬೇಕು. ಓಡಾಟದ ಬೇಸರ ತೆಗೆದರು, ಕೆಲಸದ ಬೇಸರವನ್ನು ಮಾತ್ರ ಬೇಕೆಂದೇ ಉಳಿಸಿಕೊಂಡರು. ಎರಡೂ ಬೇರೆ ಬೇರೆ ಎಂದು ಅವರಿಗೆ ಗೊತ್ತಿತ್ತು ಎನ್ನಿಸುತ್ತದೆ.

ಇಲ್ಲಿ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ಈ ಆಟದ ಬಗ್ಗೆ ನಾನು ಮೊದಲು ನಾಲ್ಕು ಜನರ ಮುಂದೆ ಆಡಿದ ಮಾತು ಸುಮಾರು ಎರಡು ಗಂಟೆ ಆಡಿ ಆಡಿದ್ದು. ಮಕ್ಕಳಾಟ, ಮಾತು ಜಾಸ್ತಿ, ಎಲ್ಲಿಗೂ ಬಿಡುವುದಿಲ್ಲ ಎಂದೆ. ಮೂರೂ ಆಗ ನಿಜವೇ. ಆ ಎರಡು ಗಂಟೆ ಪೂರ್ತಿ ಪೀಠಿಕೆ. ಹಡಗು, ಬಿರುಗಾಳಿ, ಸಾವಿರ ವರ್ಷ ಹಿಂದಿನ ದ್ವೀಪ, ನೆಲೆ ಕಟ್ಟಿಕೊಳ್ಳುವ ಪಾಠ. ಜಿನಾರ್ಮೋಸಿಯಾ ಎಂಬ ದೊಡ್ಡ ಬಯಲು ಭೂಖಂಡಕ್ಕೆ ಕಾಲಿಡುವುದು ಆಮೇಲೆ. ಶಾಪದಿಂದ ವಸ್ತುಗಳಾಗಿ ಬಿದ್ದಿರುವ ಜನರನ್ನು ಮತ್ತೆ ಮನುಷ್ಯರನ್ನಾಗಿ ಮಾಡಿ ನೆಲೆಗೆ ಕರೆತರುವುದೂ ಆಮೇಲೆಯೇ. ಅವರು ಬಂದ ಮೇಲೆ ಆಟದ ರುಚಿಯೇ ಬೇರೆ. ನೀವು ಮರ ಕಡಿಯುವಾಗ ಅವರೂ ಒಂದು ಪೆಟ್ಟು ಹಾಕುತ್ತಾರೆ, ನೀವು ಬಡಗಿ ಕೆಲಸ ಮಾಡುವಾಗ ಒಂದು ಕೈ ಕೊಡುತ್ತಾರೆ. ನಾನು ಅಷ್ಟು ದೂರ ಹೋಗಿರಲೇ ಇಲ್ಲ.

ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಕೊಂಡ ಆಟವನ್ನು 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇದ್ದರೆ, ಹಿಂದಿರುಗಿಸಿ ದುಡ್ಡು ವಾಪಸು ಪಡೆಯಬಹುದು. ಒಳ್ಳೆಯ ನಿಯಮ. ಗುಂಡು ಹಾರಿಸುವ ಆಟವೊಂದು ನಿಮಗೆ ಹಿಡಿಸುತ್ತದೆಯೋ ಇಲ್ಲವೋ ಎಂದು ಎರಡು ಗಂಟೆಯಲ್ಲಿ ಖಂಡಿತ ಗೊತ್ತಾಗುತ್ತದೆ. ಆದರೆ ನಿಧಾನವೇ ಸ್ವಭಾವವಾದ ಆಟಕ್ಕೆ ಆ ಎರಡು ಗಂಟೆ ಹೊಸಿಲು ದಾಟುವಷ್ಟರಲ್ಲಿ ಮುಗಿದುಹೋಗುತ್ತದೆ. ಅಲ್ಲಿ ಪ್ರತಿಯೊಬ್ಬರ ಅಭಿಪ್ರಾಯದ ಪಕ್ಕ ಅವರು ಎಷ್ಟು ಗಂಟೆ ಆಡಿದ್ದಾರೆ ಎಂದು ನಮೂದಾಗಿರುತ್ತದೆ. ನಾನು ಈಗ ಅಭಿಪ್ರಾಯಕ್ಕಿಂತ ಮೊದಲು ಆ ಅಂಕಿಯನ್ನು ಓದುತ್ತೇನೆ. ಅಭಿಪ್ರಾಯಕ್ಕೂ ವಯಸ್ಸಿದೆ. ಎರಡು ಗಂಟೆಯವರು ಹೇಳುವುದು ಹೊಸಿಲಿನ ಬಗ್ಗೆ. ಇಪ್ಪತ್ತು ಗಂಟೆಯವರು ಹೊಸ ಪ್ರೀತಿಯಲ್ಲಿದ್ದಾರೆ, ಅವರ ಮಾತಿಗೆ ಸ್ವಲ್ಪ ಉಪ್ಪು ಸೇರಿಸಿಕೊಂಡೇ ಕೇಳಬೇಕು. ಎಂಬತ್ತು ಗಂಟೆಯವರು ಆಟದ ಕೀಲುಗಳು ಎಲ್ಲಿ ಕಿರುಗುಡುತ್ತವೆ ಎಂದು ಬಲ್ಲವರು.

ಆಮೇಲೆ ಮುನ್ನೂರು ಗಂಟೆ ಆಡಿ "ಶಿಫಾರಸು ಮಾಡುವುದಿಲ್ಲ" ಎನ್ನುವವರಿದ್ದಾರೆ. ಅವರನ್ನು ನೋಡಿ ನಗುವುದು ವಾಡಿಕೆ. ಮುನ್ನೂರು ಗಂಟೆ ಉಂಡು ಎಲೆಗೆ ಉಗುಳುತ್ತಾನೆ ಎಂದು. ನಾನು ಈಚೆಗೆ ನಗುವುದನ್ನು ಬಿಟ್ಟಿದ್ದೇನೆ. ಅವರು ಸಾಮಾನ್ಯವಾಗಿ ಹೇಳುವುದು ಇದನ್ನು: ನನಗೆ ನಿಲ್ಲಿಸಲು ಆಗಲಿಲ್ಲ, ಆಡುತ್ತಾ ಸುಖವೂ ಆಗಲಿಲ್ಲ. ಮುಂದಿನ ದರ್ಜೆ, ಮುಂದಿನ ಕೊಡಲಿ, ಇನ್ನೊಂದೇ ಒಂದು ಎಂದು ಎಳೆದುಕೊಂಡು ಹೋಯಿತು. ಇದನ್ನು ಕೇಳಿಸಿಕೊಳ್ಳಬೇಕು. ಆಟದ ಹೆಸರು ಕಾಲವನ್ನು ಕದಿಯುವ ಹುಡುಗಿ. ಕಳ್ಳಿ ಯಾರು ಎಂದು ಅವರಿಗೆ ತಡವಾಗಿ ಗೊತ್ತಾಗಿದೆ.

ಕಾಲದ ಮಾತು ಬಂತಲ್ಲ, ಅಲ್ಲಿಗೇ ಬರುತ್ತೇನೆ. ಹಾಯಾದ ಆಟಗಳ ಬಗ್ಗೆ ಆಟಗಾರರು ಹೇಳುವುದನ್ನೆಲ್ಲ ಕೇಳುತ್ತಾ ಹೋದರೆ ಬಹುಪಾಲು ದೂರುಗಳ ಬುಡದಲ್ಲಿ ಒಂದು ಗಡಿಯಾರ ಸಿಗುತ್ತದೆ. ಆ ಗಡಿಯಾರಕ್ಕೆ ಕೀಲಿ ಕೊಡುವವರು ಯಾರು ಎಂಬುದೇ ಜಗಳ.

ಸ್ಟಾರ್‌ಡ್ಯೂ ವ್ಯಾಲಿಯನ್ನು ತೆಗೆದುಕೊಳ್ಳಿ. 2016ರ ಫೆಬ್ರವರಿಯಲ್ಲಿ ಬಂದ ಈ ಬೇಸಾಯದ ಆಟವನ್ನು ಎರಿಕ್ ಬರೋನ್ ಎಂಬಾತ ನಾಲ್ಕು ವರ್ಷಕ್ಕೂ ಮಿಕ್ಕಿ ಒಬ್ಬನೇ ಕೂತು ಮಾಡಿದ, ಚಿತ್ರ, ಸಂಗೀತ, ಕೋಡ್ ಎಲ್ಲವನ್ನೂ. 2024ರ ಕೊನೆಗೆ 4 ಕೋಟಿ ಪ್ರತಿ ದಾಟಿತ್ತು. ಎಲ್ಲರೂ ಇದನ್ನು ನೆಮ್ಮದಿಯ ಆಟ ಎನ್ನುತ್ತಾರೆ. ಆದರೆ ಅದರೊಳಗಿನ ಗಡಿಯಾರ ಎಷ್ಟು ನಿರ್ದಯಿ ಗೊತ್ತೇ? ಆಟದ ಹತ್ತು ನಿಮಿಷ ಅಂದರೆ ನಮ್ಮ ಏಳು ಸೆಕೆಂಡು. ಬೆಳಗ್ಗೆ ಆರಕ್ಕೆ ಎದ್ದರೆ ನಡುರಾತ್ರಿ ಎರಡರವರೆಗೆ, ಇಪ್ಪತ್ತು ಗಂಟೆಯ ಇಡೀ ದಿನ ನಮ್ಮ ಹದಿನಾಲ್ಕು ನಿಮಿಷ ಚಿಲ್ಲರೆಯಲ್ಲಿ ಮುಗಿದುಹೋಗುತ್ತದೆ. ಆ ರಾತ್ರಿ ಎರಡರೊಳಗೆ ಹಾಸಿಗೆ ಸೇರದಿದ್ದರೆ ಇದ್ದಲ್ಲೇ ಬಿದ್ದುಬಿಡುತ್ತೀರಿ, ಮರುದಿನ ಮೈಯಲ್ಲಿ ಕಸುವು ಕಡಿಮೆ, ಜೇಬಿನಲ್ಲಿ ಒಂದಷ್ಟು ದುಡ್ಡೂ ಮಾಯ. ಶುರುವಿನಲ್ಲಿ ಮೈಯ ಕಸುವು 270. ಒಂದೊಂದು ಗುದ್ದಲಿ ಏಟಿಗೂ ಅದು ಇಳಿಯುತ್ತದೆ. ಇದರ ಮೇಲೆ, ಮೂರನೇ ವರ್ಷದ ಮೊದಲ ದಿನ, ತೋಟವನ್ನು ನಿಮಗೆ ಬಿಟ್ಟು ತೀರಿಹೋದ ಅಜ್ಜ ಬಂದು ಅದಕ್ಕೆ ಅಂಕ ಕೊಡುತ್ತಾನೆ. 21ಕ್ಕೆ 12 ಬಂದರೆ ಅವನ ಗುಡಿಯ ನಾಲ್ಕೂ ಮೇಣದಬತ್ತಿ ಉರಿಯುತ್ತವೆ.

ಈಗ ಆಟಗಾರರು ಏನು ಮಾಡಿದರು ನೋಡಿ. ಯಾವ ಬೆಳೆ ಎಷ್ಟು ದಿನಕ್ಕೆ ಎಷ್ಟು ಲಾಭ ಎಂದು ಲೆಕ್ಕದ ಹಾಳೆ ಮಾಡಿದರು. ಯಾವ ದಿನ ಎಲ್ಲಿಗೆ ಹೋಗಬೇಕು ಎಂದು ವೇಳಾಪಟ್ಟಿ ಹಾಕಿಕೊಂಡರು. ಆಮೇಲೆ "ಆಟ ತುಂಬಾ ಒತ್ತಡ ಕೊಡುತ್ತದೆ" ಎಂದು ದೂರಿದರು. ಅಜ್ಜನ ಪರೀಕ್ಷೆ ಒಮ್ಮೆ ತಪ್ಪಿದರೆ ಅವನ ಗುಡಿಯ ಮುಂದೆ ಒಂದು ವಜ್ರ ಇಟ್ಟರೆ ಸಾಕು, ಮತ್ತೆ ಬಂದು ಅಂಕ ಕೊಡುತ್ತಾನೆ. ಬಡಪಾಯಿ ಅಜ್ಜನಿಗೆ ಆತುರವೇ ಇಲ್ಲ. ಆತುರ ಇವರದು. ಹಾಗೆಂದು ಪೂರ್ತಿ ಇವರ ತಪ್ಪು ಎನ್ನಲೂ ಮನಸ್ಸು ಬರುವುದಿಲ್ಲ. ಮೂಲೆಯಲ್ಲಿ ಗಡಿಯಾರ ಓಡುತ್ತಿದ್ದರೆ ಮನುಷ್ಯ ಓಡುತ್ತಾನೆ. ಅದನ್ನು ಅಲ್ಲಿ ತೂಗುಹಾಕಿದವರಿಗೆ ಇದು ಗೊತ್ತಿರುತ್ತದೆ.

ಪ್ರಾಣಿಗಳ ನೆರೆಯಲ್ಲಿ ಬಾಳುವ ನಿಂಟೆಂಡೊದ ಅನಿಮಲ್ ಕ್ರಾಸಿಂಗ್ ಸರಣಿ ಇನ್ನೊಂದು ಬಗೆ. ಅಲ್ಲಿ ಆಟದ ಗಂಟೆ ಅಂದರೆ ನಿಮ್ಮ ಮನೆಯ ಗೋಡೆಯ ಗಂಟೆ. ಹೊರಗೆ ರಾತ್ರಿಯಾದರೆ ಒಳಗೂ ರಾತ್ರಿ. ಅದರಲ್ಲಿ ನ್ಯೂ ಹೊರೈಜನ್ಸ್ ಎಂಬ ಆಟ ಬಂದದ್ದು 2020ರ ಮಾರ್ಚ್ 20ರಂದು, ಜಗತ್ತಿನ ಎಷ್ಟೋ ದೇಶಗಳು ಬಾಗಿಲು ಹಾಕಿಕೊಳ್ಳುತ್ತಿದ್ದ ವಾರ. ಆ ಹೊತ್ತಿನ ಅಭಿಪ್ರಾಯಗಳನ್ನು ಈಗ ಓದಿದರೆ ಅವು ಆಟದ ವಿಮರ್ಶೆಯಾಗಿ ಕಾಣುವುದೇ ಇಲ್ಲ, ಪತ್ರಗಳಾಗಿ ಕಾಣುತ್ತವೆ. ಸ್ನೇಹಿತರ ದ್ವೀಪಕ್ಕೆ ಹೋಗಿ ಬಂದೆ, ಹುಟ್ಟುಹಬ್ಬ ಅಲ್ಲೇ ಮಾಡಿದೆವು ಎಂಬಂಥವು. ಅದೇ ಆಟದ ಬಗ್ಗೆ ಎರಡು ವರ್ಷ ಕಳೆದು ಬಂದ ಮಾತು ಬೇರೆ. ದಿನವಿಡೀ ದುಡಿದು ರಾತ್ರಿ ಹತ್ತೂವರೆಗೆ ಆಟ ತೆರೆದರೆ ಅಂಗಡಿ ಹತ್ತಕ್ಕೇ ಮುಚ್ಚಿರುತ್ತದೆ! ಹೊರಗಿನ ಪೆಟ್ಟಿಗೆಗೆ ಸಾಮಾನು ಹಾಕಿದರೆ ಬೆಲೆಯಲ್ಲಿ ಎಂಬತ್ತು ಭಾಗವೇ ಸಿಗುತ್ತದೆ. ತಡವಾಗಿ ಬಂದದ್ದಕ್ಕೆ ಇಲ್ಲೂ ಸಂಬಳ ಕಡಿತ ಎಂದು ಒಬ್ಬರು ಗೊಣಗಿದ್ದು ನನಗೆ ಮರೆತೇ ಹೋಗಿಲ್ಲ. ಮನೆಯಲ್ಲಿ ಖಾಲಿ ಕೂತಿದ್ದವರಿಗೆ ಆ ನಿಧಾನ ವರವಾಗಿತ್ತು, ಮತ್ತೆ ಕೆಲಸಕ್ಕೆ ಹೋದವರಿಗೆ ಅದೇ ನಿಧಾನ ಕಾಟವಾಯಿತು. ಸಲಕರಣೆ ಪದೇ ಪದೇ ಮುರಿಯುತ್ತವೆ, ಹತ್ತು ಬೇಕಾದರೂ ಒಂದೊಂದೇ ತಯಾರಿಸಬೇಕು ಎಂಬ ದೂರು ಮೊದಲ ವಾರದಿಂದಲೂ ಇತ್ತು, ಆದರೆ ಲಾಕ್‌ಡೌನ್‌ನಲ್ಲಿ ಅದನ್ನು ಹೇಳುವವರ ದನಿಯಲ್ಲಿ ಬಿಸಿ ಇರಲಿಲ್ಲ. ಕೆಲವರು ಕನ್ಸೋಲಿನ ಗಡಿಯಾರವನ್ನೇ ಮುಂದೆ ಹಾಕಿ ನಾಳೆಗೆ ಹಾರಿದರು. ಅದು ಮೋಸವೋ ಅಲ್ಲವೋ ಎಂದು ಆಟಗಾರರಲ್ಲಿ ಇವತ್ತಿಗೂ ವಾದ ಮುಗಿದಿಲ್ಲ. ನನ್ನ ಮಟ್ಟಿಗೆ, ದುಡ್ಡು ಕೊಟ್ಟು ಕೊಂಡ ಗಡಿಯಾರದ ಮುಳ್ಳು ತಿರುಗಿಸಲು ಯಾರ ಅಪ್ಪಣೆಯೂ ಬೇಡ.

ಫ್ಯಾಂಟಸಿ ಲೈಫ್ ಐನಲ್ಲಿ ಹಗಲು ರಾತ್ರಿ ಆಗುತ್ತವೆ, ಆದರೆ ನಡುರಾತ್ರಿಯಲ್ಲಿ ಯಾರೂ ನೆಲಕ್ಕುರುಳುವುದಿಲ್ಲ. ಕೊಡಲಿ ಬೀಸುವಾಗ ಕಸುವು ಇಳಿದರೂ ನಾಲ್ಕು ಉಸಿರು ನಿಂತರೆ ತುಂಬಿಕೊಳ್ಳುತ್ತದೆ. ಅಂದರೆ ಗಡಿಯಾರದ ಕೀಲಿ ನಿಮ್ಮ ಕೈಗೇ ಕೊಟ್ಟುಬಿಟ್ಟಿದ್ದಾರೆ. ಹಾಗಾದರೆ ದೂರು ನಿಲ್ಲಬೇಕಿತ್ತಲ್ಲ? ಇಲ್ಲ. ಈಗಿನ ದೂರು ಇದು: ಎಲ್ಲಿ ನಿಲ್ಲಿಸಬೇಕೋ ತಿಳಿಯುವುದಿಲ್ಲ. ಸ್ಟಾರ್‌ಡ್ಯೂನಲ್ಲಿ ದಿನ ಮುಗಿದು ಹಾಸಿಗೆಗೆ ಹೋದಾಗಲೇ ಆಟ ಉಳಿತಾಯವಾಗುತ್ತದೆ, ಅಲ್ಲೊಂದು ಸಹಜವಾದ ಪೂರ್ಣವಿರಾಮ. ಇಲ್ಲಿ ಬರೀ ಅಲ್ಪವಿರಾಮಗಳು. ನನ್ನ ತಂಗಿ ರಾತ್ರಿ ಒಂದಕ್ಕೆ "ಇದೊಂದು ಮೇಜು ಮಾಡಿ ಮಲಗ್ತೀನಿ" ಎಂದಳು. ಮೇಜಿಗೆ ಹಲಗೆ ಸಾಲದು, ಹಲಗೆಗೆ ಮರ ಬೇಕು, ಆ ಮರಕ್ಕೆ ಅವಳ ಕೊಡಲಿ ಸಾಲದು. ಮುಂದಿನದು ನಿಮಗೆ ಗೊತ್ತೇ ಇದೆ.

ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಈ ಬಗೆಯ ಆಟಗಳನ್ನು ಹುಟ್ಟುಹಾಕಿದವರ ಕಥೆ ಗೊತ್ತಿದ್ದರೆ ಆಟಗಾರರ ಮಾತು ಬೇಗ ಅರ್ಥವಾಗುತ್ತದೆ. 1996ರಲ್ಲಿ ನಿಂಟೆಂಡೊದ ಹಳೆಯ ಯಂತ್ರ ಸೂಪರ್ ಫ್ಯಾಮಿಕಾಂಗೆ ಬಂದ ಹಾರ್ವೆಸ್ಟ್ ಮೂನ್ ಎಂಬ ಬೇಸಾಯದ ಆಟವನ್ನು ರೂಪಿಸಿದ ಯಸುಹಿರೊ ವಾಡಾ ಹಳ್ಳಿಗಾಡಿನಲ್ಲಿ ಬೆಳೆದು ಟೋಕಿಯೊ ಸೇರಿದವರು. ಬಿಟ್ಟುಬಂದ ಊರು ಅವರ ಆಟವಾಯಿತು. ಅನಿಮಲ್ ಕ್ರಾಸಿಂಗ್ ಮಾಡಿದ ಕತ್ಸುಯಾ ಎಗುಚಿ ಚಿಬಾದಲ್ಲಿ ಮನೆಯವರನ್ನೂ ಗೆಳೆಯರನ್ನೂ ಬಿಟ್ಟು ನಿಂಟೆಂಡೊ ಕೆಲಸಕ್ಕೆ ಕ್ಯೋಟೊಗೆ ಬಂದವರು. ತಡರಾತ್ರಿ ಮನೆಗೆ ಬಂದಾಗ ಮನೆಯವರು ಆಡಿಟ್ಟ ಆಟದಲ್ಲಿ ಅವರ ಗುರುತು ಕಾಣುವಂತಿದ್ದರೆ ಎಂಬ ಆಸೆಯಿಂದ ಆ ಆಟ ಹುಟ್ಟಿತು. ಒಂಟಿತನದ ಮಕ್ಕಳು ಇವು. ಸ್ಟಾರ್‌ಡ್ಯೂ ಕೂಡ ಶುರುವಾಗುವುದು ದೊಡ್ಡ ಕಂಪನಿಯ ಇಕ್ಕಟ್ಟಾದ ಮೇಜಿನ ಮುಂದೆ ಕೂತ ಒಬ್ಬ ನೌಕರನಿಂದ. ಅಜ್ಜನ ಪತ್ರ ತೆರೆದು ಆತ ಎದ್ದು ಹೋಗುತ್ತಾನೆ. ಎಲ್ಲಿಗೆ ಹೋಗುತ್ತಾನೆ? ಬೆಳಗ್ಗೆ ಆರರಿಂದ ಗುದ್ದಲಿ ಹಿಡಿಯಲು! ಕೆಲಸ ಬಿಟ್ಟು ಕೆಲಸಕ್ಕೆ ಹೋಗುವುದು ಈ ಆಟಗಳ ಮೂಲ ಹಾಸ್ಯ. ದುಡ್ಡು ಕೊಟ್ಟು ಬಿಟ್ಟಿ ಚಾಕರಿ ಎಂದು ನಾನು ತಂಗಿಯನ್ನು ಛೇಡಿಸಿದ್ದುಂಟು. ಅವಳು ಹೇಳಿದ ಉತ್ತರ: "ಅಣ್ಣಾ, ಆಫೀಸಲ್ಲಿ ನಾನು ಮಾಡಿದ್ದು ಏನಾಯ್ತು ಅಂತ ನನಗೇ ಕಾಣಲ್ಲ. ಇಲ್ಲಿ ಕಡಿದ ಮರ ಹಲಗೆ ಆಗುತ್ತೆ, ಹಲಗೆ ಕುರ್ಚಿ ಆಗುತ್ತೆ, ಕುರ್ಚಿ ಮೇಲೆ ನಾನೇ ಕೂತ್ಕೋತೀನಿ." ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಎಲ್ಲೂ ಓದಿಲ್ಲ.

2017ರಲ್ಲಿ ಪ್ರಾಜೆಕ್ಟ್ ಹಾರ್ಸ್‌ಶೂ ಎಂಬ ಆಟ ವಿನ್ಯಾಸಕರ ಕೂಟ ಈ ಹಾಯಿತನ ಎಂದರೇನು ಎಂದು ಕೂತು ಬರೆಯಿತು. ಅವರು ಹೇಳಿದ್ದು ಮೂರು: ಭಯವಿಲ್ಲದಿರುವುದು, ಕೊರತೆ ಇಲ್ಲದಿರುವುದು, ಮೆದುವಾಗಿರುವುದು. ಸರಿಯೇ. ಆದರೆ ಆ ಅಳತೆ ಹಿಡಿದರೆ ಫ್ಯಾಂಟಸಿ ಲೈಫ್‌ನಲ್ಲಿ ಮೃಗಗಳಿವೆ, ಡ್ರ್ಯಾಗನ್ ಇದೆ, ಅದಿರಿನ ಕೊರತೆ ಸದಾ ಇದೆ. ಕತ್ತಿಯೂ ಗುದ್ದಲಿಯೂ ಒಟ್ಟಿಗೆ ಬರುವ ಈ ಬೆರಕೆ ಹಳೆಯದೇ. 2006ರಲ್ಲಿ ರೂನ್ ಫ್ಯಾಕ್ಟರಿ ಬೇಸಾಯಕ್ಕೆ ಕಾಳಗವನ್ನು ಕಸಿ ಕಟ್ಟಿತ್ತು. ಬರೀ ಹಾಯಿ ಬೇಕೆನ್ನುವವರು ಕತ್ತಿ ಕಂಡು ಮುಖ ತಿರುಗಿಸುತ್ತಾರೆ. ಬರೀ ಕಾಳಗ ಬೇಕೆನ್ನುವವರಿಗೆ ಈ ಕತ್ತಿ ಮೊಂಡು. ಎರಡು ಗುಂಡಿ ಒತ್ತಿ ತಪ್ಪಿಸಿಕೊಂಡರೆ ಮುಗಿಯಿತು ಎನ್ನುತ್ತಾರೆ. ನನಗೆ ಅನ್ನಿಸುವುದು, ಸ್ವಲ್ಪ ಭಯ ಇದ್ದರೇ ಬೆಚ್ಚಗಿನ ಮನೆಗೆ ಬೆಲೆ. ಹೊರಗೆ ಮಳೆ ಸುರಿಯದಿದ್ದರೆ ಒಳಗಿನ ಕಂಬಳಿ ಬರೀ ಬಟ್ಟೆ. ಕಾಡಿನಲ್ಲಿ ನಿಮಗಿಂತ ಹತ್ತು ಪಟ್ಟು ಬಲದ ಮೃಗದ ಕಣ್ಣು ತಪ್ಪಿಸಿ ಒಂದು ಅಪರೂಪದ ಮರವನ್ನು ಕಡಿದು ತಂದು, ನೆಲೆಯಲ್ಲಿ ಅದರಿಂದ ಮಂಚ ಮಾಡಿದಾಗ ಆ ಮಂಚಕ್ಕೆ ಒಂದು ಕಥೆ ಇರುತ್ತದೆ.

ಹಳೆಯ ಆಟಗಾರರ ಒಂದು ಕೊರಗನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅದರಲ್ಲಿ ನ್ಯಾಯವಿದೆ. 3ಡಿಎಸ್ ಆಟದಲ್ಲಿ ಊರುಗಳಿದ್ದವು. ಕೋಟೆಯ ಊರು, ಬಂದರು, ಮರಳುಗಾಡಿನ ಪಟ್ಟಣ. ಒಂದೊಂದು ಬದುಕಿನ ಗುರು ಒಂದೊಂದು ಕಡೆ ಇರುತ್ತಿದ್ದ, ಕಲಿಯಬೇಕೆಂದರೆ ಅವನ ಊರಿಗೇ ಹೋಗಬೇಕು. ಹೊಸದರಲ್ಲಿ ಅಂಥ ಊರುಗಳು ಕಡಿಮೆ, ಜನರನ್ನು ನಿಮ್ಮ ನೆಲೆಗೇ ಕರೆತರುತ್ತೀರಿ. ಉಳಿದದ್ದು ಬಯಲು. ಆ ಬಯಲಿನಲ್ಲಿ ಗೋಪುರ ಹತ್ತಿ ನಕ್ಷೆ ಬಿಡಿಸುವುದು, ಗುಡಿಯೊಳಗೆ ಒಗಟು ಬಿಡಿಸುವುದು ಇವೆಲ್ಲ ಬೇರೆ ಹೆಸರಾಂತ ಆಟಗಳಿಂದ ಎರವಲು ತಂದದ್ದೆಂದು ಕಂಡವರಿಗೆಲ್ಲ ಗೊತ್ತು. ಹೊಸಬರಿಗೆ ಅದು ಸ್ವಾತಂತ್ರ್ಯ. ಹಳಬರಿಗೆ ಊರು ಬಿಟ್ಟುಹೋದ ಹಾಗೆ. ಬೇರೆಯವರ ಊರಿಗೆ ಹೋಗುವುದಕ್ಕೂ ನಮ್ಮ ಅಂಗಳಕ್ಕೇ ಜನರನ್ನು ಕರೆಸಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಹಳೆಯ ಆಟದ ಮೇಲೂ ದೂರಿತ್ತು ಬಿಡಿ. ಒಂದು ಮಾತಿಗೆ ಹತ್ತು ಮಾತು ಆಡಿಸುವ ಕಥೆ ಅದು. ಈಗ ಅದನ್ನು ಯಾರೂ ನೆನೆಯುವುದಿಲ್ಲ. ಹತ್ತು ವರ್ಷದ ನೆನಪು ಬಹಳ ದಯಾಳು.

ಇನ್ನುಳಿದ ದೂರುಗಳನ್ನು ಬೇಗ ಮುಗಿಸುತ್ತೇನೆ. ಜೊತೆಯಾಗಿ ಆಡುವುದು ಇಲ್ಲಿ ಕುಂಟುತ್ತದೆ. ನಾಲ್ಕು ಜನ ಕೂಡಬಹುದು, ಆದರೆ ಕಥೆಯನ್ನು ಒಬ್ಬರೇ ಆಡಬೇಕು. ಹಾಯಾದ ಆಟವನ್ನು ಗಂಡ ಹೆಂಡತಿ, ಅಕ್ಕ ತಮ್ಮ ಸೇರಿ ಮೊದಲಿಂದ ಕೊನೆಯವರೆಗೆ ಆಡಬೇಕೆಂದು ಕೊಂಡವರಿಗೆ ಇದು ನಿಜವಾದ ನಿರಾಸೆ, ಇದಕ್ಕೆ ನನ್ನ ಬಳಿ ಯಾವ ಸಮರ್ಥನೆಯೂ ಇಲ್ಲ. ಬೆಲೆಯ ವಿಷಯ: ಇದು ಸುಮಾರು 60 ಡಾಲರಿನ ಆಟ, ಸ್ಟಾರ್‌ಡ್ಯೂ 15 ಡಾಲರ್. ನಾಲ್ಕು ಪಟ್ಟು ಕೊಟ್ಟವರು ನಾಲ್ಕು ಪಟ್ಟು ಬೈಯುವ ಹಕ್ಕು ಪಡೆದಿರುತ್ತಾರೆ. ತಾಂತ್ರಿಕ ದೂರುಗಳು ಕಾಲ ಕಳೆದಂತೆ ಹಳಸುತ್ತವೆ. 2021ರ ರೂನ್ ಫ್ಯಾಕ್ಟರಿ 5 ನಿಂಟೆಂಡೊದ ಸ್ವಿಚ್ ಯಂತ್ರದಲ್ಲಿ ತೊದಲುತ್ತಾ ಓಡಿದ್ದನ್ನು ಜನ ಬೇಕಾದಷ್ಟು ಬೈದರು, ಯಂತ್ರ ಬದಲಾದರೆ ಆ ಮಾತು ಅಲ್ಲಿಗೆ ಮುಗಿಯಿತು. ಹಳಸದೆ ಉಳಿಯುವುದು ಮಾತು ತಪ್ಪಿದ ದೂರು. ಡಿಸ್ನಿ ಡ್ರೀಮ್‌ಲೈಟ್ ವ್ಯಾಲಿ 2022ರಲ್ಲಿ ದುಡ್ಡು ತೆಗೆದುಕೊಂಡು ಮುಂಗಡ ಪ್ರವೇಶ ಕೊಟ್ಟಿತು, ಪೂರ್ಣ ಬಿಡುಗಡೆಯಾದಾಗ ಎಲ್ಲರಿಗೂ ಉಚಿತ ಎಂದಿತ್ತು. 2023ರಲ್ಲಿ ಇಲ್ಲ, ದುಡ್ಡಿನ ಆಟವಾಗಿಯೇ ಇರುತ್ತದೆ ಎಂದು ಬದಲಾಯಿಸಿತು. ಉಚಿತವಾಗುವ ದಿನಕ್ಕೆ ಕಾದಿದ್ದವರು ಆಟವನ್ನು ಒಂದು ನಿಮಿಷವೂ ಆಡದೆ ಕೆಟ್ಟ ಅಭಿಪ್ರಾಯ ಹೊಂದಿದರು. ಆ ಅಭಿಪ್ರಾಯಕ್ಕೆ ಗಂಟೆಗಳ ಲೆಕ್ಕ ಬೇಕಿಲ್ಲ, ಅದು ಸೊನ್ನೆ ಗಂಟೆಯಲ್ಲೂ ಸರಿಯೇ.

ಮಾತು ಮುಗಿದ ಮೇಲೆ ಸಭೆಯಿಂದ ಒಬ್ಬರು ಕೇಳಿದರು: "ಸರ್, ಇಷ್ಟೆಲ್ಲ ಹೇಳಿದಿರಿ. ಕೊಳ್ಳಬೇಕಾ ಬೇಡವಾ, ಅದನ್ನ ಹೇಳಿ."

ನಾನು ಅವರನ್ನೇ ಕೇಳಿದೆ, ಕೆಲಸ ಮುಗಿಸಿ ಮನೆಗೆ ಬಂದಾಗ ನಿಮಗೆ ಏನು ಸಾಕಾಗಿರುತ್ತದೆ? ಅವರು ಸ್ವಲ್ಪ ಯೋಚಿಸಿ, "ಜನರ ಜೊತೆ ಮಾತಾಡಿ ಮಾತಾಡಿ ಸಾಕಾಗಿರುತ್ತೆ" ಎಂದರು. ಹಾಗಾದರೆ ಕೊಳ್ಳಿ, ಗಣಿಗಾರರಾಗಿ, ಕಥೆಯನ್ನು ಓದದೆ ಗುಂಡಿ ಒತ್ತಿ ದಾಟಿಸಿ ಎಂದೆ. ಪಕ್ಕದಲ್ಲಿದ್ದ ಹುಡುಗಿ, "ನನಗೆ ಒಂದೇ ಕೆಲಸನ ಮತ್ತೆ ಮತ್ತೆ ಮಾಡಿ ಸಾಕಾಗಿರುತ್ತೆ" ಎಂದಳು. ನಿನಗೆ ಬೇಡಮ್ಮ, ಅರವತ್ತು ಡಾಲರ್ ಉಳಿಸಿಕೋ ಎಂದೆ. ಎಲ್ಲರೂ ನಕ್ಕರು, ಅವಳು ಮಾತ್ರ ನಗಲಿಲ್ಲ, ಆಗಲೇ ಕೊಂಡಾಗಿತ್ತಂತೆ. ಎಷ್ಟು ಗಂಟೆ ಆಯಿತು ಎಂದು ಕೇಳಿದೆ.

"ತೊಂಬತ್ತು."

ನಾನು ಕೊನೆಗೂ ಕಥೆ ಮುಗಿಸಿದ್ದೇನೆ, ಬಡಗಿಯ ಬದುಕಿನಲ್ಲಿ ಮೇಲಿನ ದರ್ಜೆಯನ್ನೂ ಮುಟ್ಟಿದ್ದೇನೆ. ನನ್ನ ತಂಗಿ ಮೂರನೇ ಅಧ್ಯಾಯದಿಂದ ಮುಂದೆ ಹೋಗಿಲ್ಲ. ಲೋಕ ಉಳಿಸುವ ಕೆಲಸ ಅಲ್ಲೇ ನಿಂತಿದೆ, ಅವಳ ನೆಲೆಯಲ್ಲಿ ಮಾತ್ರ ಹದಿನೇಳು ಕುರ್ಚಿಗಳಿವೆ.